ಶಶಿರೇಖೆಯ ಒಳಗಿದ್ದ ನಮ್ಮವನು

ಕೋಲಾರದ ಗಡಿಯ ನಮಗೆ ಸಿನಿಮಾ ಅಂದರೆ ತೆಲುಗು ಸಿನಿಮಾ, ತೆಲುಗು ಸಿನಿಮಾ ಅಂದರೆ ಸಾವಿತ್ರಿ. ಕೂಲಿ ಮುಗಿಸಿ ಟೆಂಟಿಗೆ ನಡೆದು ಹೋಗಿ, ನೆಲದ ಟಿಕೇಟು ತಗೊಂಡು ಮಣ್ಣಲ್ಲಿ ಕೂರುತ್ತಿದ್ದೆವು. ‘ದೇವದಾಸು’ (1953) ನೋಡಿ ಪಾರ್ವತಿಗಾಗಿ ಅತ್ತೆವು. ಆದರೆ ಅದು ಜಮೀನ್ದಾರರ ಮನೆಯ ದುಃಖ. ನಾವು ಎದ್ದು ಕುಂತದ್ದು ಕೆ.ವಿ. ರೆಡ್ಡಿಯವರ ‘ಮಾಯಾಬಜಾರ್’ (1957) ನೋಡಿದಾಗ.

ಅದರಲ್ಲಿ ಘಟೋತ್ಕಚ ಶಶಿರೇಖೆಯ ರೂಪ ತಾಳಿ ಕೌರವರ ಮದುವೆ ಚಪ್ಪರಕ್ಕೇ ಬರುತ್ತಾನೆ. ಮುಖ ಸಾವಿತ್ರಿಯದು, ಒಳಗಿರೋನು ಕಾಡಿನ ಹಿಡಿಂಬಿಯ ಮಗ. ಆಕೆ ಗಂಡಸಿನ ಹಾಗೆ ಎದೆ ಸೆಟೆಸಿ ನಡೆದಾಗ, ಮದುಮಗ ಲಕ್ಷ್ಮಣಕುಮಾರನ ಕಾಲು ತುಳಿದಾಗ ನೆಲದವರೆಲ್ಲ ಶಿಳ್ಳೆ ಹಾಕಿದರು. ‘ತುಳಿಯವ್ವಾ, ಇನ್ನೂ ಗಟ್ಟಿಯಾಗಿ ತುಳಿ!’ ಅಂತ ನಮ್ಮಜ್ಜಿ ಕೂಗಿದಳು. ಮದುವೆ ಮನೆಗಳ ಹಿತ್ತಲಲ್ಲಿ ಎಂಜಲೆಲೆಗೆ ಕಾದವಳು ಅವಳು. ಇಲ್ಲೋ, ಎಸ್.ವಿ. ರಂಗಾರಾವ್ ಅವರ ಘಟೋತ್ಕಚ ಇಡೀ ಮದುವೆ ಊಟವನ್ನು ಬೀಗರಿಗಿಂತ ಮೊದಲೇ ಉಂಡಿದ್ದ!

ಈಗ ಯೋಚಿಸಿದರೆ ಇನ್ನೊಂದೂ ಕಾಣುತ್ತದೆ. ಮಾಯೆಯೆಲ್ಲ ಘಟೋತ್ಕಚನದು, ಮದುವೆ ಅಭಿಮನ್ಯುವಿನದು. ದುಡಿಮೆ ನಮ್ಮದು, ಹಸೆಮಣೆ ಅವರದು. ನಮ್ಮವನು ಆ ಚಪ್ಪರಕ್ಕೆ ಕಾಲಿಡಬೇಕಾದರೆ ರಾಜಕುಮಾರಿಯ ಮುಖವನ್ನೇ ಕಡ ತರಬೇಕಾಯಿತು.

ಸಾವಿತ್ರಿ 1981ರಲ್ಲಿ ತೀರಿಕೊಂಡರು. ನಮ್ಮಲ್ಲಿ ಉಳಿದಿರುವುದು ಆ ಮುಖದ ಚೆಲುವಿಗಿಂತ ಆ ನಡಿಗೆ. ನಮ್ಮ ಕೇರಿಯ ಹೆಣ್ಣುಮಕ್ಕಳು ಯಾವ ಮಾಯೆಯೂ ಇಲ್ಲದೆ, ತಮ್ಮ ಸ್ವಂತ ಮುಖದಲ್ಲೇ ಊರ ನಡುಬೀದಿಯಲ್ಲಿ ಹಾಗೆ ನಡೆಯಬೇಕು.