ದುರ್ಗಾಡಿಯ ಮೇಲೆ ಕೇಳಿದ ಪ್ರಶ್ನೆ

ಕಲ್ಯಾಣವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬೀದರ ಜಿಲ್ಲೆಯ ಬಸವಣ್ಣನವರ ಕಲ್ಯಾಣ. ಡೊಂಬಿವಲಿಯಲ್ಲಿ ಬಿಡಾರ ಹೂಡಿದ ನಮ್ಮಂಥವರಿಗೆ ಇನ್ನೊಂದು ಕಲ್ಯಾಣವಿದೆ. ಆಫೀಸು ಮುಗಿಸಿ ಬರುವಾಗ ಲೋಕಲ್ ಗಾಡಿಯ ಮೇಲೆ ಹುಡುಕುವ ಹೆಸರು ಅದು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ಬರಹವೊಂದರಲ್ಲೇ ಬಂದರೆಂದು ದಾಖಲಾದ ಈ ಊರು ನಮ್ಮ ಪಾಲಿಗೆ ಬಹುಕಾಲ ಬರೀ ಗಾಡಿಯ ಹೆಸರಾಗಿತ್ತು. ಮಧ್ಯೆ ಇರುವುದು ಠಾಕುರ್ಲಿ ಒಂದೇ ಸ್ಟೇಷನ್!

ನಾಲ್ಕನೆಯ ಇಯತ್ತೆಯ ನಮ್ಮ ಕಿರಿಯ ಮಗ ಶಿವಾಜಿ ಮಹಾರಾಜರ ಪಾಠ ಓದಿದವನೇ ದುರ್ಗಾಡಿ ಕೋಟೆ ನೋಡಬೇಕೆಂದು ಹಠ ಹಿಡಿದ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಟೆವು.

ಖಾಡಿಯ ದಡದ ಸಣ್ಣ ದಿಬ್ಬದ ಮೇಲೆ ಉಳಿದಿರುವುದು ಸ್ವಲ್ಪವೇ. ಅಲ್ಲಲ್ಲಿ ಬುರುಜು, ಗೋಡೆಯ ತುಂಡು, ದುರ್ಗಾದೇವಿಯ ಗುಡಿ, ಈದ್ಗಾದ ಗೋಡೆ. ಕೆಳಗೆ ಭಿವಂಡಿ ರಸ್ತೆಯ ಸೇತುವೆ, ಅದರ ಮೇಲೆ ಲಾರಿಗಳ ಸಾಲು. ಕೋಟೆಯೆಂದರೆ ಗೋಳಗುಮ್ಮಟದ ಊರಿನ ಕೋಟೆಯನ್ನು ಕಂಡಿದ್ದ ನಮ್ಮ ಮನೆಯವರಿಗೆ, 'ಇಷ್ಟೇ ಏನು?' ಎನಿಸಿತು.

ಗುಡಿಯ ಬಳಿ ಕುಳಿತಿದ್ದ ಮರಾಠಿ ಹಿರಿಯರೊಬ್ಬರು ಮಕ್ಕಳನ್ನು ಕರೆದು ಕಥೆ ಹೇಳಿದರು. 1636ರ ಒಪ್ಪಂದದಲ್ಲಿ ಈ ಸೀಮೆ ವಿಜಾಪುರದ ಆದಿಲಶಾಹಿಗೆ ಸೇರಿತು. 1656ರಲ್ಲಿ ಮಹಮ್ಮದ ಆದಿಲಶಹ ತೀರಿಕೊಂಡ. ಮರುವರ್ಷ ಔರಂಗಜೇಬ ದಂಡೆತ್ತಿ ಬಂದ. ವಿಜಾಪುರ ಹೀಗೆ ಇಕ್ಕಟ್ಟಿನಲ್ಲಿದ್ದಾಗಲೇ, 1657ರಲ್ಲಿ, ಶಿವಾಜಿ ಮಹಾರಾಜರು ಕಲ್ಯಾಣ, ಭಿವಂಡಿಗಳನ್ನು ವಶಪಡಿಸಿಕೊಂಡರು. ಸಮುದ್ರದಲ್ಲಿ ಪೋರ್ತುಗೀಜರು, ಜಂಜಿರೆಯ ಸಿದ್ದಿಗಳು ಬಲವಾಗಿದ್ದರು. ಅದಕ್ಕೇ ಈ ಖಾಡಿಯಲ್ಲಿ ಹಡಗು ಕಟ್ಟುವ ಕೆಲಸ ಆರಂಭವಾಯಿತು.

ಮಗ ನಮ್ಮ ಕೈ ಜಗ್ಗಿದ. "ಅಪ್ಪಾ, ನಾವು ವಿಜಾಪುರದವ್ರಲ್ಲಾ? ಹಂಗಾರ ಇಲ್ಲಿ ಸೋತವ್ರು ನಾವೇನು?"

ಬಿ.ಎಸ್ಸಿ. ಓದಿದ ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಶಾಲೆಯಲ್ಲಿ ಗೆಳೆಯರ ಜೊತೆ ಜಯಘೋಷ ಮಾಡುವ ಹುಡುಗ ಮನೆಗೆ ಬಂದು ತಾನು ಆ ಕಡೆಯವನೋ ಈ ಕಡೆಯವನೋ ಎಂದು ಲೆಕ್ಕ ಹಾಕುತ್ತಿದ್ದಾನೆಂದು ಅಂದೇ ತಿಳಿಯಿತು. ಪ್ರಶ್ನೆಯನ್ನು ಮರಾಠಿಯಲ್ಲಿ ಹಿರಿಯರಿಗೆ ಹೇಳಿದೆವು. ಅವರು ನಕ್ಕು, "ಬಾಳಾ, ಮಹಾರಾಜರ ತಂದೆಯೇ ವಿಜಾಪುರದ ಸರದಾರರಲ್ಲವೇ?" ಎಂದರು.

ನಿಜ. ಶಹಾಜಿರಾಜರು ಆದಿಲಶಾಹಿಯ ಸೇವೆಯಲ್ಲಿದ್ದು ಬೆಂಗಳೂರಿನ ಜಹಗೀರು ಪಡೆದವರು. 1664ರಲ್ಲಿ ಅವರು ತೀರಿಕೊಂಡದ್ದು ಕನ್ನಡನಾಡಿನ ಹೊದಿಗೆರೆಯಲ್ಲಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನ ಆ ಊರಿನಲ್ಲಿ ಅವರ ಸಮಾಧಿ ಇದೆ. ಅಂದಿನ ಯುದ್ಧ ದರಬಾರುಗಳ ನಡುವಿನದು; ಕನ್ನಡ ಮರಾಠಿಗಳ ನಡುವಿನದಲ್ಲ. ಮಗನಿಗೆ ಇಷ್ಟನ್ನು ಬಿಡಿಸಿ ಹೇಳಿದೆವು.

"ಹಂಗಾರ ಹೊದಿಗೆರಿಗೂ ಹೋಗೂಣು," ಎಂದ. ಬರುವ ಬೇಸಿಗೆ ರಜೆಗೆ ಊರಿಗೆ ಹೋದಾಗ ಕರೆದುಕೊಂಡು ಹೋಗುವ ವಿಚಾರವಿದೆ. ವಾಚಕ ಬಂಧುಗಳೂ ಮಕ್ಕಳೊಡನೆ ಒಮ್ಮೆ ದುರ್ಗಾಡಿ ಹತ್ತಿ ಬರಲಿ. ಅವರು ಏನು ಕೇಳುತ್ತಾರೋ ನೋಡಬೇಕು.