ಎರಡು ಬೋಲ್ಟು, ಒಂದು ತಪ್ಪು ಅಂಕಿ

ತುಂಗಭದ್ರಾ ದಂಡೆಯ ಮುಕ್ಕುಂದದಲ್ಲಿ ನಮ್ಮ ಸಂಬಂಧಿಕರದೊಂದು ಸಣ್ಣ ಅಕ್ಕಿ ಗಿರಣಿ ಇದೆ. ನುಚ್ಚು ಹೆಚ್ಚು ಬೀಳುತ್ತಿದೆ ಎಂದು ಅವರು ಬೇಸತ್ತಿದ್ದರು. ಮೋಟಾರು ನಿಮಿಷಕ್ಕೆ ಎಷ್ಟು ಸುತ್ತುತ್ತದೆ ನೋಡೋಣ ಎಂದು ನಾವೇ ಪ್ರಾಕ್ಸಿಮಿಟಿ ಸೆನ್ಸರ್, ಡಿಜಿಟಲ್ ಆರ್‌ಪಿಎಂ ಮೀಟರ್ ತಂದೆವು.

ಮೇನ್ ಸ್ವಿಚ್ ಆಫ್ ಮಾಡಿ ವೈರ್ ಕೂಡಿಸಿದೆವು. ನಮ್ಮದು ಮೂರು ವೈರಿನ ಎನ್‌ಪಿಎನ್ ಸೆನ್ಸರ್: ಕಂದು ಪ್ಲಸ್‌ಗೆ, ನೀಲಿ ಮೈನಸ್‌ಗೆ, ಕಪ್ಪು ಸಿಗ್ನಲ್‌ಗೆ. ಕೊಟ್ಟದ್ದು 12 ವೋಲ್ಟ್ ಡಿಸಿ. ಪುಲ್ಲಿಯ ಕಬ್ಬಿಣದ ಬೋಲ್ಟು ಮುಂದೆ ಹಾದಾಗಲೆಲ್ಲ ಅದು ಒಂದು ಎಣಿಸುತ್ತದೆ. ಮೊದಲು ಸೊನ್ನೆಯೇ ಬಂತು. ಮತ್ತೆ ಆಫ್ ಮಾಡಿ, ಅಂತರ 3 ಮಿಲಿಮೀಟರಿಗೆ ಇಳಿಸಿದ ಮೇಲೆ ಅಂಕಿ ಮೂಡಿತು: 2880.

‘ವೇಗ ಜಾಸ್ತಿ, ಪುಲ್ಲಿ ಬದಲಿಸಿ’ ಎಂದುಬಿಟ್ಟೆವು. ಅವರು ದುಡ್ಡು ಹೊಂದಿಸಿಕೊಂಡು ಸಿಂಧನೂರಿಗೆ ಹೊರಟೇಬಿಟ್ಟರು. ಆಮೇಲೆ ಮೋಟಾರಿನ ಪ್ಲೇಟು ಒರೆಸಿ ಓದಿದರೆ 1440! ಪುಲ್ಲಿಯಲ್ಲಿ ಎದುರುಬದುರು ಎರಡು ಬೋಲ್ಟು ಇದ್ದವು. ಒಂದು ಸುತ್ತಿಗೆ ಎರಡು ಎಣಿಕೆ. ಫೋನ್ ಮಾಡಿ ಅವರನ್ನು ವಾಪಸ್ ಕರೆಸಿದೆವು. ಮೀಟರಿನಲ್ಲಿ ಒಂದು ಸುತ್ತಿಗೆ 2 ಎಂದು ಸೆಟ್ ಮಾಡಿದ ಮೇಲೆ ಲೆಕ್ಕ ಸರಿಹೋಯಿತು.

ನುಚ್ಚಿಗೆ ಕಾರಣ ಬೇರೆಯೇ ಇತ್ತು. ಭತ್ತ ಬಿಸಿಲಿಗೆ ಅತಿಯಾಗಿ ಒಣಗಿ ಕಾಳು ಬಿರುಕು ಬಿಟ್ಟಿತ್ತು.

ಸುದ್ದಿಗೆ ಹೋದಾಗ ಯಾರು ಅಂಕಿ ಕೊಟ್ಟರೂ ‘ಎಣಿಸಿದ್ದು ಏನನ್ನು?’ ಎಂದು ಕೇಳುತ್ತೇವೆ. ಅಂದು ನಮ್ಮದೇ ಅಂಕಿಗೆ ಅದನ್ನು ಕೇಳಲು ಮರೆತಿದ್ದೆವು.