ಕ್ರಿಕೆಟ್ ಕೈಗೆ ಸಾಫ್ಟ್‌ಬಾಲ್ ಬ್ಯಾಟು

ಭೀಮಾ ದಂಡೆಯ ಸೊನ್ನದಂಥ ಊರಲ್ಲಿ ಮಕ್ಕಳ ಕೈಗೆ ಮೊದಲು ಸಿಗೋದು ಕ್ರಿಕೆಟ್ ಬ್ಯಾಟು. ಶಾಲಾ ಕ್ರೀಡಾಕೂಟಕ್ಕೆ ಸಾಫ್ಟ್‌ಬಾಲ್ ಆಡ್ರಿ ಅಂದಾಗ ಫಜೀತಿ ಶುರು. ಇಲ್ಲಿ ಚೆಂಡು ನೆಲಕ್ಕೆ ಪುಟಿಯೋದಿಲ್ಲ. ಕೈ ಕೆಳಗಿನಿಂದ ಬೀಸಿದ್ದು ಗಾಳಿಯಲ್ಲೇ ನೇರ ಬರುತ್ತೆ. ಮಹಿಳೆಯರ ಆಟದಲ್ಲಿ ಎಸೆಯೋ ದೂರ ಬರೀ 43 ಅಡಿ. ಗಂಟೆಗೆ 100 ಕಿ.ಮೀ. ವೇಗ ಇದ್ದರೆ ಹೊಡೆಯೋರಿಗೆ ಅರ್ಧ ಸೆಕೆಂಡೂ ಸಿಗಲ್ಲ.

ಎಲ್ಲರೂ ನಂಬೋದು ತೋಳಿನ ಬಲವನ್ನ. ಆದರೆ ಹೊಡೆತ ಹುಟ್ಟೋದು ಕಾಲಲ್ಲಿ. ಮುಂದಿನ ಕಾಲು ಮೆಲ್ಲಗೆ ಊರಬೇಕು, ಹಿಂದಿನ ಕಾಲಿನ ಹಿಮ್ಮಡಿ ಎದ್ದು ಸೊಂಟ ತಿರುಗಬೇಕು, ಕೈ ಬರೋದು ಆಮೇಲೆ. ಬ್ಯಾಟಿನ ಹಿಡಿತ ಬೆರಳುಗಳಲ್ಲಿರಲಿ, ಅಂಗೈಯೊಳಗೆ ಬೇಡ. ತಲೆ ಮಾತ್ರ ಅಲುಗಬಾರದು. ಇದೇ ಎಲ್ಲಕ್ಕಿಂತ ಕಷ್ಟ ಅಂತ ನನ್ನ ಲೆಕ್ಕ.

ಸಾಮಾನು ಇಲ್ಲ ಅನ್ನಬೇಡ್ರಿ. 1887ರಲ್ಲಿ ಶಿಕಾಗೋದಲ್ಲಿ ಈ ಆಟ ಹುಟ್ಟಿದ್ದೇ ಬಿಗಿದು ಕಟ್ಟಿದ ಬಾಕ್ಸಿಂಗ್ ಗ್ಲೌಸು, ಕಸಬರಿಗೆ ಕೋಲಿನಿಂದ. ಸೊಂಟದೆತ್ತರದ ಗೂಟ ನೆಟ್ಟು, ತುದಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ಚೆಂಡಿಟ್ಟು ಹೊಡೀರಿ. ತೊಗರಿ ಕೊಯ್ದ ಹೊಲ ಖಾಲಿ ಇರುತ್ತಲ್ಲ! ಕೂಳೆ ಚುಚ್ಚುತ್ತೆ, ಕಾಲಲ್ಲಿ ಬೂಟಿರಲಿ.